ತಲೆ ಬಾಗಿದಾಗಲೆಲ್ಲ ಬೆನ್ನಿಗಿಳಿದ ಸಿಡಿಲು

ಭಕ್ತಬಂಧುಗಳೇ, ಮೊದಲು ಬೆಲೆ ಹೇಳಿಬಿಡುತ್ತೇನೆ. ಐದು ವರ್ಷದ ಹಾಲು, ಮೊಸರು, ಬೆಣ್ಣೆ, ತುಪ್ಪ, ಮಜ್ಜಿಗೆ. ಎರಡು ಅಂಗಾಲುಗಳ ಅರಿವು. ಬಲಗೈ ಬೆರಳುಗಳಲ್ಲಿದ್ದ ಅರ್ಧ ಆಯುಷ್ಯದ ವಿದ್ಯೆ. ಕಣ್ಣು ಮುಚ್ಚಿ ದೇವರ ಮುಂದೆ ನಿಲ್ಲುವ ಧೈರ್ಯ. ಇಷ್ಟನ್ನು ಕೊಟ್ಟು ನಾನು ಕೊಂಡದ್ದು ನನ್ನ ಹೆಂಡತಿಯ ಪ್ರಾಣ. ಕೊಂಡೆ ಎಂದೇ ಐದು ವರ್ಷ ನಂಬಿದ್ದೆ. ಆ ನಂಬಿಕೆ ನನ್ನನ್ನು ಎಲ್ಲಿಗೆ ಒಯ್ದಿತು, ಬೆಟ್ಟದಪುರದ ಮಲ್ಲಿಕಾರ್ಜುನ ಅಲ್ಲಿಂದ ಹೇಗೆ ಕೈಹಿಡಿದು ವಾಪಸು ತಂದ ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ನಿಮ್ಮಲ್ಲಿ ಒಬ್ಬರಿಗಾದರೂ ಉಪಯೋಗವಾದೀತು.

ನಾನು ಹುಣಸೂರಿನಲ್ಲಿ ನೆಲೆಸಿರುವ ದನದ ದಲ್ಲಾಳಿ. ಹುಟ್ಟಿದ್ದು ಹಾರನಹಳ್ಳಿಯಲ್ಲಿ. ನನ್ನ ತಂದೆ ಬೇರೆಯವರ ದನ ಕಾಯುತ್ತಿದ್ದರು. ನಾನು ಬೇರೆಯವರ ದನ ಮಾರಲು ಕಲಿತೆ. ಯಾರೂ ಕಲಿಸಲಿಲ್ಲ. ಎತ್ತಿನ ಹಲ್ಲು, ಸುಳಿ, ನಡೆ ನೋಡುವುದನ್ನು ಸಂತೆಯಲ್ಲಿ ಬೈಸಿಕೊಂಡು ಕಲಿತೆ. ನಮ್ಮ ಕಸುಬಿನಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಹೆಗಲ ಮೇಲಿನ ವಲ್ಲಿಬಟ್ಟೆಯನ್ನು ಇಬ್ಬರ ಕೈಗಳ ಮೇಲೆ ಹಾಸಿ, ಅದರ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುತ್ತೇವೆ. ಒಂದೊಂದು ಬೆರಳಿಗೂ ಒಂದೊಂದು ಲೆಕ್ಕ. ಸುತ್ತ ನೂರು ಜನ ನಿಂತಿದ್ದರೂ ಆ ಇಬ್ಬರ ಹೊರತು ಯಾರಿಗೂ ತಿಳಿಯದು. ಇದಕ್ಕೆ ಎರಡು ಕಟ್ಟುಗಳಿವೆ. ಬಟ್ಟೆಯ ಕೆಳಗಿನದನ್ನು ಆಮೇಲೆ ಯಾರಿಗೂ ಬಾಯಿಬಿಡಬಾರದು. ನಾವು ಬೆರಳು ಕೊಟ್ಟ ಮೇಲೆ ಎದುರಿನ ಕೈ ಅದುಮಿದರೆ ಒಪ್ಪಿಗೆ. ಅದುಮದಿದ್ದರೆ ಎಷ್ಟು ಹೊತ್ತು ಹಿಡಿದು ಕುಳಿತರೂ ವ್ಯಾಪಾರ ಆಗಿಲ್ಲ ಎಂದರ್ಥ. ಈ ಎರಡನೆಯ ಕಟ್ಟನ್ನು ನೆನಪಿಟ್ಟುಕೊಳ್ಳಿ. ನಾನೇ ಮರೆತಿದ್ದೆ.

ಶ್ರೀಮುಖ ಸಂವತ್ಸರದ ಕಾರ್ತಿಕದಲ್ಲಿ ನನ್ನ ಹೆಂಡತಿ ದೇವೀರಮ್ಮ ಹೆರಿಗೆಗೆಂದು ಬೆಟ್ಟದಪುರದ ತವರಿನಲ್ಲಿದ್ದಳು. ಕೂಸು ಉಳಿಯಲಿಲ್ಲ. ಮೂರನೆಯ ದಿನ ಇವಳಿಗೆ ಬಾಣಂತಿ ಸನ್ನಿ ಹಿಡಿಯಿತು. ಮೈ ಕೆಂಡ, ಬಾಯಲ್ಲಿ ಅರ್ಥವಿಲ್ಲದ ಮಾತು. ಸೂಲಗಿತ್ತಿ ಹೊರಗೆ ಬಂದು ನನ್ನ ಮುಖ ನೋಡದೆ ಕೈ ತೊಳೆದುಕೊಂಡಳು. ನಾನು ಎದ್ದು ಬೆಟ್ಟದ ಬುಡಕ್ಕೆ ಹೋದೆ. ಹೊತ್ತು ಮುಳುಗುತ್ತಿತ್ತು. ಮೊದಲನೆಯ ಮೆಟ್ಟಿಲಿನ ಮುಂದೆ ಕುಳಿತು, ವಲ್ಲಿಯನ್ನು ಕಲ್ಲಿನ ಮೇಲೆ ಹಾಸಿ, ಅದರ ಕೆಳಗೆ ಕೈಯಿಟ್ಟೆ. ನಾಲ್ಕು ಬೆರಳುಗಳನ್ನು ಕಲ್ಲಿಗೆ ಒತ್ತಿದೆ. ಹಾಲು, ಮೊಸರು, ಬೆಣ್ಣೆ, ತುಪ್ಪ. ನಾನಿರುವ ತನಕ ಮುಟ್ಟುವುದಿಲ್ಲ, ಅವಳನ್ನು ಬಿಡು. ಹೆಬ್ಬೆರಳನ್ನು ಮಡಚಿಕೊಂಡಿದ್ದೆ, ಮಜ್ಜಿಗೆಯನ್ನು ಉಳಿಸಿಕೊಳ್ಳೋಣ ಎಂದು. ದೇವರ ಹತ್ತಿರವೂ ನನ್ನ ದಲ್ಲಾಳಿ ಬುದ್ಧಿ ಹೋಗಿರಲಿಲ್ಲ.

ಬೆಳಗಿನ ಜಾವಕ್ಕೂ ಜ್ವರ ಇಳಿಯಲಿಲ್ಲ. ಮತ್ತೆ ಓಡಿಹೋಗಿ ಹೆಬ್ಬೆರಳನ್ನೂ ಕೊಟ್ಟೆ. ಹಿಂದಿರುಗಿದಾಗ ಬಿಸಿಲು ಹೊಸ್ತಿಲಿಗೆ ಬಂದಿತ್ತು. ದೇವೀರಮ್ಮ ಕಣ್ಣು ಬಿಟ್ಟು ನೀರು ಕೇಳಿದ್ದಳು.

ಅಂದಿನಿಂದ ನನ್ನ ಎಲೆಗೆ ಬಿಳಿಯದೇನೂ ಬೀಳಲಿಲ್ಲ. ಬಾಯಿಬಿಡುವ ಹಾಗಿರಲಿಲ್ಲವಲ್ಲ, ಹೊಟ್ಟೆಗೆ ಆಗಿಬರುವುದಿಲ್ಲ ಎಂದು ಹೇಳಿದೆ. ದೇವೀರಮ್ಮ ನಂಬಲಿಲ್ಲ. "ಹತ್ತು ಊರಿನ ಹಸ ಮಾರಾಕೆ ಆಯ್ತದೆ, ಒಂದು ತೊಟ್ಟು ಹಾಲು ಕುಡಿಯಾಕೆ ಆಗಲ್ವಾ? ನಿಮ್ಮ ಹೊಟ್ಟೇನೂ ನಿಮ್ಮಂಗೆ ಚೌಕಾಸಿ ಮಾಡ್ತದೆ ಬುಡಿ" ಎನ್ನುತ್ತಿದ್ದಳು. ನಾವು ಲಿಂಗ ಕಟ್ಟಿದವರು. ಮಾಂಸ, ಮೊಟ್ಟೆ ನಮ್ಮ ಮನೆಯ ಹೊಸ್ತಿಲು ಕಂಡದ್ದಿಲ್ಲ. ಹಾಗಾಗಿ ನನಗೆ ಉಳಿದದ್ದು ರಾಗಿಮುದ್ದೆ, ಸೊಪ್ಪಿನ ಸಾರು, ಉಪ್ಪಿನಕಾಯಿ. ಮೂರು ವರ್ಷ, ನಾಲ್ಕು ವರ್ಷ ಏನೂ ಆಗಲಿಲ್ಲ. ಅವಳು ನಗುತ್ತಿದ್ದಳು, ಬೈಯುತ್ತಿದ್ದಳು, ಇದ್ದಳು. ಅಷ್ಟು ಸಾಕಾಗಿತ್ತು.

ಬಹುಧಾನ್ಯ ಸಂವತ್ಸರದ ಯುಗಾದಿ ಕಳೆದ ಮೇಲೆ ಶುರುವಾಯಿತು. ಮೊದಲು ಅಂಗಾಲಿನಲ್ಲಿ ಇರುವೆ ಹರಿದ ಹಾಗೆ ಜುಮ್ಮೆಂದಿತು. ಆಮೇಲೆ ಹತ್ತಿಯ ಮೇಲೆ ನಡೆದ ಹಾಗೆ. ಒಂದು ದಿನ ಬಜಾರಿನಿಂದ ಮನೆಗೆ ಬಂದು ನೋಡುತ್ತೇನೆ, ಎಡಗಾಲಿನಲ್ಲಿ ಚಪ್ಪಲಿ ಇಲ್ಲ. ಎಲ್ಲಿ ಕಳಚಿತೋ ಕಾಲಿಗೇ ಗೊತ್ತಿಲ್ಲ. ಬಚ್ಚಲಲ್ಲಿ ಮುಖಕ್ಕೆ ನೀರು ಹಾಕಿಕೊಂಡು ಕಣ್ಣು ಮುಚ್ಚಿದ ಕೂಡಲೇ ಯಾರೋ ಭುಜಕ್ಕೆ ಕೈಹಾಕಿ ತಳ್ಳಿದ ಹಾಗಾಯಿತು. ಹಂಡೆಯ ಮೇಲೆ ಬಿದ್ದೆ. ತಿರುಗಿ ನೋಡಿದರೆ ಯಾರೂ ಇಲ್ಲ. ಮಾರನೆಯ ದಿನವೂ ಹಾಗೇ. ಕಣ್ಣು ಬಿಟ್ಟಿದ್ದರೆ ಸರಿ. ಮುಚ್ಚಿದರೆ ಸಾಕು, ತಳ್ಳುವ ಕೈ ಬರುತ್ತಿತ್ತು.

ಒಂದು ಮುಂಜಾನೆ ಲಿಂಗಪೂಜೆಗೆ ಕುಳಿತಿದ್ದೆ. ಎಡ ಅಂಗೈಯಲ್ಲಿ ಲಿಂಗವಿಟ್ಟು ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ತೆರೆದರೆ ಅಂಗೈ ಬರಿದಾಗಿತ್ತು. ಲಿಂಗ ಜಾರಿ ಮಡಿಲಲ್ಲಿ ಬಿದ್ದಿತ್ತು. ಅದು ಇದ್ದದ್ದೂ ಕೈಗೆ ತಿಳಿದಿರಲಿಲ್ಲ, ಹೋದದ್ದೂ ತಿಳಿದಿರಲಿಲ್ಲ. ಎತ್ತಿಕೊಂಡು ಎದೆಗೊತ್ತಿ ನಮಸ್ಕಾರಕ್ಕೆಂದು ತಲೆ ಬಾಗಿಸಿದೆ. ಆಗ ಬಂತು. ಕತ್ತಿನಿಂದ ಒಂದು ಮಿಂಚು ಬೆನ್ನುಮೂಳೆಯೊಳಗೆ ಇಳಿದು ಎರಡು ಕಾಲಿನ ತುದಿಯ ತನಕ ಹೊಡೆಯಿತು. ಒಂದು ಗಳಿಗೆ ಉಸಿರು ನಿಂತಿತು. ತಲೆ ಎತ್ತಿದೆ, ಹೋಯಿತು. ಮತ್ತೆ ಬಾಗಿಸಿದೆ, ಮತ್ತೆ ಹೊಡೆಯಿತು.

ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬೆಟ್ಟದಪುರದ ಸ್ವಾಮಿಗೆ ಸಿಡಿಲು ಮಲ್ಲಿಕಾರ್ಜುನ ಎಂದೇ ಹೆಸರು. ಸಿಡಿಲು ಯಾರ ಸೊತ್ತು ಎಂದು ನನಗೆ ಸಂಶಯವೇ ಉಳಿಯಲಿಲ್ಲ. ಕಣ್ಣು ಮುಚ್ಚಿದರೆ ತಳ್ಳುತ್ತಾನೆ, ತಲೆ ಬಾಗಿದರೆ ಹೊಡೆಯುತ್ತಾನೆ, ಅಂಗೈಯಲ್ಲಿ ನಿಲ್ಲುವುದಿಲ್ಲ. ಎಲ್ಲೋ ನಾನು ಮಾತು ತಪ್ಪಿದ್ದೇನೆ. ಕೃಷ್ಣರಾಜನಗರದ ಒಂದು ಮದುವೆಯಲ್ಲಿ ತಿಂದ ಒಬ್ಬಟ್ಟಿನ ಹಿಟ್ಟಿಗೆ ತುಪ್ಪ ಬಿದ್ದಿತ್ತೇನೋ ಎಂದು ಯೋಚಿಸಿ ಯೋಚಿಸಿ ಹಣ್ಣಾದೆ. ಹೊರಗೆ ಉಣ್ಣುವುದನ್ನು ಬಿಟ್ಟೆ. ಒಪ್ಪತ್ತು ಮಾಡಿದೆ. ಅವನು ಹೊಡೆದಷ್ಟೂ ನಾನು ಬೆಲೆ ಏರಿಸಿದೆ.

ಇನ್ನೊಂದನ್ನು ಯಾರಿಗೂ ಹೇಳಿರಲಿಲ್ಲ. ತಳ್ಳುವ ಕೈ ದೇವರದಲ್ಲ ಎಂದು ಕೆಲವು ದಿನ ಅನ್ನಿಸುತ್ತಿತ್ತು. ಐದು ವರ್ಷದ ಹಿಂದೆ ಹೆಂಡತಿಯ ಹಾಸಿಗೆಯ ಹತ್ತಿರದಿಂದ ಯಾರನ್ನು ಹಿಂದಕ್ಕೆ ಕಳಿಸಿದ್ದೆನೋ ಅವನು ನನ್ನ ಬೆನ್ನ ಹಿಂದೆ ಬಂದು ನಿಂತಿದ್ದಾನೆ. ನಾನು ನಡೆದರೆ ನಡೆಯುತ್ತಾನೆ, ನಿಂತರೆ ನಿಲ್ಲುತ್ತಾನೆ. ಅವನಿಗೆ ಬೇಕಾದದ್ದು ನಾನಲ್ಲ. ನಾನು ಬಿದ್ದರೆ ದಾಟಿಕೊಂಡು ಒಳಗೆ ಹೋಗುತ್ತಾನೆ. ದೇವೀರಮ್ಮ ಒಲೆಯ ಮುಂದೆ ಕುಳಿತಿದ್ದರೆ ನಾನು ಬಾಗಿಲಿಗೆ ಅಡ್ಡಲಾಗಿ ಕೂರುತ್ತಿದ್ದೆ. "ಏನ್ರೀ, ಬಾಕ್ಲಲ್ಲಿ ಕಟ್ಟಿದ ಹೋರಿ ಹಂಗೆ ಕೂತಿದ್ದೀರಿ, ಅತ್ತಗೆ ಸರೀರಿ" ಎನ್ನುತ್ತಿದ್ದಳು. ನಾನು ಸರಿಯುತ್ತಿರಲಿಲ್ಲ.

ಭಾದ್ರಪದದ ಒಂದು ಸಂತೆಯಲ್ಲಿ ನನ್ನ ಕೈಯ ಗುಟ್ಟು ಹೊರಬಿತ್ತು. ಬುಡನ್ ಸಾಬರು ಪಿರಿಯಾಪಟ್ಟಣದ ದನದ ವ್ಯಾಪಾರಿ, ನನಗಿಂತ ಹಿರಿಯರು, ಇಷ್ಟು ವರ್ಷವೂ ನನಗೆ ಎದುರಾಳಿ. ನನ್ನ ಕಡೆಯ ಒಂದು ಜೊತೆ ಎತ್ತಿಗೆ ಅವರು ಬಟ್ಟೆಯ ಕೆಳಗೆ ನನ್ನ ಬೆರಳು ಹಿಡಿದು ಬೆಲೆ ಕೊಟ್ಟರು. ನನಗೆ ಏನೂ ತಿಳಿಯಲಿಲ್ಲ. ತಿಳಿದವನ ಹಾಗೆ ಮುಖ ಮಾಡಿಕೊಂಡು ಅದುಮಿಬಿಟ್ಟೆ. ಸಾಬರು ಕೈ ತೆಗೆಯಲಿಲ್ಲ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ ವಲ್ಲಿಯನ್ನು ಎತ್ತಿಬಿಟ್ಟರು. ಸಂತೆಯಲ್ಲಿ ಹಾಗೆ ಯಾರೂ ಮಾಡುವುದಿಲ್ಲ. ಅವರು ಹಿಡಿದದ್ದು ನನ್ನ ಒಂದೇ ಬೆರಳು.

"ಒಂದು ಬೆರಳಿಗೆ ಈ ಎತ್ತು ಕೊಡ್ತೀರಾ ಅಣ್ಣಾ? ನಿಮ್ಮ ಕೈ ಎಲ್ಲಿ ಬಿಟ್ಟು ಬಂದ್ರಿ?" ಎಂದರು.

"ತಮಾಷೆಗೆ ಅದುಮಿದೆ ಸಾಬರೆ."

"ಇಷ್ಟು ವರ್ಷ ನಿಮ್ಮ ಜೊತೆ ಜಗಳ ಆಡಿದ್ದೀನಿ. ನೀವು ಎತ್ತಿನ ಮುಂದೆ ತಮಾಷೆ ಮಾಡೋ ಆಸಾಮಿ ಅಲ್ಲ." ನನ್ನ ಬೆರಳುಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿದರು. "ಇವತ್ತು ನಾನು ಸುಮ್ಮನಿದ್ದಿದ್ರೆ ಎತ್ತು ನನ್ನದು. ನಾಳೆ ಬೇರೆಯೋನು ಸುಮ್ಮನಿರ್ತಾನೆ. ಮನೆಗೆ ಹೋಗಿ ಅಮ್ಮೋರ್ನ ಕರ್ಕೊಂಡು ಮೈಸೂರಿಗೆ ಹೊರಡಿ. ಮಂತ್ರ ಹಾಕೋರ ಹತ್ರ ಹೋದೀರಿ, ಜೋಕೆ."

ಎದುರಾಳಿ ಎಂದು ಎಣಿಸಿದ್ದವನ ಬಾಯಲ್ಲಿ ಸ್ವಾಮಿ ಆಡಿಸಿದ ಮೊದಲ ಮಾತು ಅದು. ಆಗ ನನಗೆ ತಿಳಿಯಲಿಲ್ಲ, ಅವಮಾನವಾಯಿತು, ಅಷ್ಟೆ.

ಬೆಳಗಿನ ಮೋಟಾರಿಗೆ ಹೊರಟೆವು. ಬಸ್ಸಿನ ಮೆಟ್ಟಿಲು ಹತ್ತುವಾಗ ಕಾಲನ್ನು ಕಣ್ಣಿನಿಂದ ನೋಡಿ ನೋಡಿ ಎತ್ತಿಡಬೇಕಾಯಿತು. ಕಂಡಕ್ಟರು, "ಯಜಮಾನ್ರೆ, ಬೆಳಬೆಳಗ್ಗೆನೇ ಏರಿಸಿದ್ದೀರಾ?" ಎಂದ. ದೇವೀರಮ್ಮ ಅವನಿಗೆ ಹೇಳಿದ ಮಾತನ್ನು ಭಕ್ತರ ಮುಂದೆ ಬರೆಯುವ ಹಾಗಿಲ್ಲ. ಹಳ್ಳ ಬಂದಾಗೆಲ್ಲ ಬಸ್ಸು ಕುಲುಕಿ ತಲೆ ಮುಂದಕ್ಕೆ ಬಾಗುತ್ತಿತ್ತು. ಬಾಗಿದಾಗೆಲ್ಲ ಬೆನ್ನೊಳಗೆ ಸಿಡಿಲು. ಮೈಸೂರು ಮುಟ್ಟುವ ಹೊತ್ತಿಗೆ ಎರಡು ಕೈಯಲ್ಲೂ ಗದ್ದವನ್ನು ಎತ್ತಿ ಹಿಡಿದುಕೊಂಡಿದ್ದೆ.

ಆಸ್ಪತ್ರೆಯ ಡಾಕ್ಟರು ವಯಸ್ಸಾದವರು, ಮೆಲು ಮಾತಿನವರು. ಮೊದಲು ಕಣ್ಣಿನ ರೆಪ್ಪೆ, ನಾಲಗೆ ನೋಡಿ "ರಕ್ತ ತೆಳ್ಳಗಾಗಿದೆ" ಎಂದರು. ಕಾಲು ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಲು ಹೇಳಿದರು. ನಾನು ಒಲ್ಲೆ ಎಂದೆ. "ಹಿಡ್ಕೋತೀನಿ, ಮುಚ್ಚಿ" ಎಂದರು. ಮುಚ್ಚಿದೆ. ತಳ್ಳುವವನು ಬಂದ. ಡಾಕ್ಟರ ತೋಳಿನಲ್ಲಿ ಬಿದ್ದೆ. "ಯಾರು ಸ್ವಾಮಿ ತಳ್ಳಿದ್ದು?" ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ. ಅವರು ನಗಲಿಲ್ಲ. ಮಂಚದ ಮೇಲೆ ಮಲಗಿಸಿ, ಕಾಲ ಹೆಬ್ಬೆರಳನ್ನು ಹಿಡಿದು, "ಮೇಲಕ್ಕೆತ್ತಿದೆನೋ ಕೆಳಕ್ಕೆ ಬಗ್ಗಿಸಿದೆನೋ, ನೋಡದೆ ಹೇಳಿ" ಎಂದರು. ಹತ್ತು ಸಲ ಕೇಳಿದರು. ಹತ್ತು ಸಲವೂ ಊಹೆಯ ಮೇಲೆ ಹೇಳಿದೆ. ಆದರೆ ಸೂಜಿಯಿಂದ ಚುಚ್ಚಿದರೆ ನೋವು ತಿಳಿಯುತ್ತಿತ್ತು, ಬಿಸಿನೀರು ಬಿಸಿ ಎಂದು ತಿಳಿಯುತ್ತಿತ್ತು.

ಆಮೇಲೆ ಅವರು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ನಾವು ಹೊತ್ತು ತಿರುಗುವ ಈ ಸರಕಿನ ಬಗ್ಗೆ ನಮಗೇ ಗೊತ್ತಿಲ್ಲ.

ತಲೆಬುರುಡೆಯೊಳಗೆ ಮೆದುಳು, ಅದರ ಬುಡದಿಂದ ಬೆನ್ನುಮೂಳೆಯ ತೂತಿನೊಳಗೆ ಇಳಿದ ಬೆನ್ನುಹುರಿ, ಎರಡೂ ಸೇರಿ ಒಂದೇ ವಸ್ತು. ಮೂರು ಪದರದ ಬಟ್ಟೆ ಸುತ್ತಿ, ನಡುವೆ ತಿಳಿನೀರು ತುಂಬಿ, ಮೂಳೆಯ ಪೆಟ್ಟಿಗೆಯಲ್ಲಿ ಸ್ವಾಮಿ ಇಟ್ಟಿದ್ದಾನೆ. ಇಷ್ಟು ಭದ್ರ ಮಾಡಿ ನಾವು ಯಾವ ಒಡವೆಯನ್ನೂ ಇಡುವುದಿಲ್ಲ. ದೊಡ್ಡ ಮೆದುಳು ಸುಕ್ಕುಸುಕ್ಕಾಗಿ ಎರಡು ಹೋಳಾಗಿದೆ. ಬಲದ ಹೋಳು ಎಡ ಮೈಯನ್ನು ಆಳುತ್ತದೆ, ಎಡದ್ದು ಬಲ ಮೈಯನ್ನು. ಹಣೆಯ ಹಿಂದಿನ ಭಾಗ ಯೋಚಿಸಿ ತೀರ್ಮಾನ ಮಾಡುವುದು, ಹಿಂದಲೆಯಲ್ಲಿ ನೋಟ, ಕಿವಿಯ ಪಕ್ಕದಲ್ಲಿ ಕೇಳುವುದು, ನೆನಪು. ನೆತ್ತಿಯ ಮೇಲೆ ಅಡ್ಡಲಾಗಿ ಎರಡು ಪಟ್ಟೆ. ಮುಂದಿನದು ಕೈಕಾಲಿಗೆ ಅಪ್ಪಣೆ ಕೊಡುತ್ತದೆ, ಹಿಂದಿನದು ಮುಟ್ಟಿದ್ದನ್ನು ತಿಳಿಯುತ್ತದೆ. ಆ ಪಟ್ಟೆಯಲ್ಲಿ ಇಡೀ ಬೆನ್ನಿಗೆ ಒಂದು ಗುಂಟೆ ಜಾಗವಾದರೆ ಬೆರಳುಗಳಿಗೆ ಎಕರೆಗಟ್ಟಲೆ. ದಲ್ಲಾಳಿಯ ಜಮೀನು ಅಲ್ಲಿದೆ ಎಂದುಕೊಂಡೆ. ಹಿಂದೆ ಕೆಳಗಡೆ ಚಿಕ್ಕ ಮೆದುಳು, ಓಲಾಡದ ಹಾಗೆ ಮೈಯ ತೂಕ ಸರಿದೂಗಿಸುತ್ತದೆ. ಅದರ ಮುಂದೆ ಕಾಂಡ. ಉಸಿರು, ಎದೆಬಡಿತ ಅದರ ಪಾರುಪತ್ಯ. ನಾವು ನಿದ್ದೆ ಹೋದರೂ ಅದು ನಿದ್ದೆ ಹೋಗುವುದಿಲ್ಲ. ಬೆನ್ನುಹುರಿ ಕಿರುಬೆರಳಿನಷ್ಟು ದಪ್ಪ; ಸೊಂಟದ ಮೇಲೆಯೇ ಮುಗಿದು ಅಲ್ಲಿಂದ ಕುದುರೆಬಾಲದ ಹಾಗೆ ನರಗಳ ಕುಚ್ಚಾಗಿ ಇಳಿಯುತ್ತದೆ.

"ಬೆರಳು ಮುಟ್ಟುತ್ತೆ ಅಷ್ಟೆ. ತಿಳಿಯೋದು ತಲೆಯೊಳಗೆ," ಎಂದರು ಡಾಕ್ಟರು. "ಬೆನ್ನುಹುರಿಯಲ್ಲಿ ಬೇರೆ ಬೇರೆ ದಾರಿಗಳಿವೆ. ನೋವು, ಬಿಸಿ ಹೋಗೋ ದಾರಿ ನಿಮಗೆ ಸರಿಯಾಗಿದೆ. ಕೈಕಾಲು ಎಲ್ಲಿದೆ, ಏನು ಹಿಡಿದಿದೆ ಅಂತ ಸುದ್ದಿ ಒಯ್ಯೋ ದಾರಿ ಹಿಂಭಾಗದಲ್ಲಿದೆ, ಅದು ಕೆಡ್ತಾ ಇದೆ. ನರದ ಎಳೆಗಳ ಮೇಲೆ ಕೊಬ್ಬಿನ ಹೊದಿಕೆ ಇರುತ್ತೆ. ನಿಮ್ಮದು ಕಳಚಿಹೋಗ್ತಿದೆ. ಕಣ್ಣು ಬಿಟ್ಟಾಗ ಕಣ್ಣು ನೋಡಿ ಕಾಲಿಗೆ ಹೇಳುತ್ತೆ. ಮುಚ್ಚಿದರೆ ಹೇಳೋರಿಲ್ಲ, ಬೀಳ್ತೀರಿ. ಯಾರೂ ತಳ್ಳಲಿಲ್ಲ. ಕತ್ತು ಬಗ್ಗಿಸಿದರೆ ಹೊದಿಕೆ ಹೋದ ಹುರಿ ಎಳೆದ ಹಾಗಾಗಿ ಮಿಂಚು ಹೊಡೆಯುತ್ತೆ."

"ಹಿಂದೆ ಒಬ್ಬ ನಡೆದು ಬರುತ್ತಾನಲ್ಲ?" ಎಂದೆ ತಗ್ಗಿದ ಧ್ವನಿಯಲ್ಲಿ.

"ಅದೂ ಇದೇ ರೋಗ. ಮೆದುಳಿನ ತನಕ ಹೋಗಿದೆ." ಕೈ ಒರೆಸಿಕೊಳ್ಳುತ್ತ, "ಹೀಗೇ ಬಿಟ್ಟರೆ ಕೆಲವೇ ತಿಂಗಳಲ್ಲಿ ಕಾಲು ಪೂರ್ತಿ ಹೋಗುತ್ತೆ. ಆಮೇಲೆ ಬುದ್ಧಿ. ಆಮೇಲೆ ಜೀವ," ಎಂದರು. ರಕ್ತವನ್ನೂ ನರದ ಹೊದಿಕೆಯನ್ನೂ ಕಾಪಾಡುವ ಒಂದು ಸತ್ವ ಆಹಾರದಿಂದ ಬರಬೇಕಂತೆ. ಪ್ರಾಣಿಗಳ ಯಕೃತ್ತಿನಲ್ಲಿ ಧಾರಾಳ, ಹಾಲುಮೊಸರಿನಲ್ಲಿ ಸ್ವಲ್ಪ, ಸೊಪ್ಪುಕಾಳಿನಲ್ಲಿ ಇಲ್ಲ. ಅದಕ್ಕೆ ಇನ್ನೂ ಯಾರೂ ಹೆಸರಿಟ್ಟಿಲ್ಲವಂತೆ.

"ನೀವು ಮಾಂಸ ಮುಟ್ಟೋರಲ್ಲ, ಸರಿ. ಹಾಲು?"

"ಒಗ್ಗೋದಿಲ್ಲ."

"ಯಾವತ್ತಿನಿಂದ?"

ದೇವೀರಮ್ಮನೇ ಹೇಳಿದಳು: "ಐದು ವರ್ಸ ಆಯ್ತು ಸ್ವಾಮಿ. ನಾನು ಬಾಣಂತಿ ಸನ್ನೀಲಿ ಬಿದ್ದು ಎದ್ದ ಮ್ಯಾಲೆ." ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದನ್ನು ತಾನೇ ಕೇಳಿಸಿಕೊಂಡಳು. ಅವಳ ಮುಖ ಬದಲಾದದ್ದನ್ನು ನಾನು ಕಂಡೆ.

ಆಸ್ಪತ್ರೆಯ ಜಗಲಿಗೆ ಕರೆದುಕೊಂಡು ಬಂದು ಕೂರಿಸಿದಳು. ನನ್ನ ಹೆಗಲಿನ ವಲ್ಲಿಯನ್ನು ತೆಗೆದು ನನ್ನ ಕೈಮೇಲೆ ಹಾಸಿ, ಕೆಳಗೆ ತನ್ನ ಕೈ ತೂರಿಸಿದಳು.

"ಬಾಯಲ್ಲಿ ಯೋಳ್ಬ್ಯಾಡಿ, ನಿಮ್ಮ ಕಟ್ಟು ನಂಗೂ ಗೊತ್ತು. ನನ್ನ ಜೀವಕ್ಕಾ? ಹೌದಾದ್ರೆ ಅದುಮಿ."

ಅದುಮಿದೆ. ಎಷ್ಟು ಜೋರಾಗಿ ಅದುಮಿದೆನೋ ನನಗೆ ತಿಳಿಯಲಿಲ್ಲ.

"ಎಷ್ಟಕ್ಕೆ?"

ಐದೂ ಬೆರಳು ಕೊಟ್ಟೆ.

ಬಟ್ಟೆ ಅಲುಗಾಡುತ್ತಿತ್ತು. ಅದರ ಕೆಳಗೆ ಅವಳು ನನ್ನ ಬೆರಳುಗಳಿಗೆ ಏನೋ ಹೇಳುತ್ತಿದ್ದಳು. ನನಗೆ ಒಂದೂ ಮುಟ್ಟಲಿಲ್ಲ. ಅವಳ ಕೈ ಇದೆಯೋ ಇಲ್ಲವೋ ಅದೂ ತಿಳಿಯಲಿಲ್ಲ. ಬಂಧುಗಳೇ, ಹೆಂಡತಿಯ ಪ್ರಾಣ ಉಳಿಸಿಕೊಂಡೆ ಎಂದುಕೊಂಡವನ ಕೈಗೆ ಹೆಂಡತಿಯ ಕೈ ಸಿಗಲಿಲ್ಲ. ಅಂದಿಗಿಂತ ಕತ್ತಲೆಯ ದಿನವನ್ನು ನಾನು ಕಂಡಿಲ್ಲ.

"ನನ್ನ ಹೆಸ್ರಲ್ಲಿ ಯಾಪಾರ ಮಾಡೋಕೆ ಮುಂಚೆ ನನ್ನೊಂದು ಮಾತು ಕೇಳ್ಬೌದಿತ್ತು," ಎಂದಳು ಕೊನೆಗೆ. "ನಾಳೆ ಬೆಟ್ಟಕ್ಕೋಯ್ತೀನಿ. ಬರೋಗಂಟ ಇಲ್ಲೇ ಬಿದ್ದಿರಿ."

ಅವಳು ಹೋದಳು. ನಾನು ವಾರ್ಡಿನಲ್ಲಿ ಗೋಡೆಗೆ ಬೆನ್ನು ಒತ್ತಿ ಕುಳಿತೆ, ಹಿಂದೆ ಯಾರಿಗೂ ಜಾಗ ಇರಬಾರದೆಂದು. ಅವನು ಗೋಡೆಯ ಒಳಗೆ ನಿಂತಿದ್ದ. ಗುಟ್ಟು ಒಡೆದಿದೆ, ಇನ್ನು ಅವಳ ಮೇಲೆ ನನ್ನ ಹಕ್ಕಿಲ್ಲ. ಹುಣಸೂರಿನ ದಾರಿಯಲ್ಲಿ ಬಸ್ಸು ಮಗುಚಬಹುದು, ಮೆಟ್ಟಿಲಲ್ಲಿ ಹಾವು ಇರಬಹುದು. ಹೊರಗೆ ಮೋಟಾರಿನ ಸದ್ದಾದಾಗಲೆಲ್ಲ ಸುದ್ದಿ ಬಂತು ಎಂದುಕೊಂಡೆ. ಆಗ ನಾನು ಬೇಡಿದ್ದು ಒಂದೇ: ಅವಳು ಬರಲಿ. ಈ ಸಲ ಬದಲಿಗೆ ಏನು ಕೊಡುತ್ತೇನೆ ಎಂದು ಹೇಳಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಬರಿಗೈಯಲ್ಲಿ ಬೇಡಿದೆ.

ಮೂರನೆಯ ದಿನ ಮಧ್ಯಾಹ್ನ ಬಂದಳು. ಕೆಂಪು ಧೂಳು ಮೆತ್ತಿದ ಕಾಲು, ಕೈಯಲ್ಲಿ ಮುಚ್ಚಳದ ಹಿತ್ತಾಳೆ ತಂಬಿಗೆ. ಹತ್ತಿರ ಕುಳಿತು ಹೇಳಿದಳು:

"ನೀವು ಕುಂತಿದ್ದ ಮೆಟ್ಲಲ್ಲೇ ಕುಂತೆ. ಸೆರಗು ಹಾಸಿ, ಕೆಳಗೆ ಕೈ ಇಟ್ಟೆ. ಏನ್ ಬೇಕು ಕೇಳಪ್ಪ, ನನ್ನ ಜೀವ, ನಾನೇ ಬೆಲೆ ಕಟ್ತೀನಿ ಅಂದೆ. ಬೆಳಗ್ಗೆಯಿಂದ ಬಿಸಿಲು ನೆತ್ತಿಗೆ ಬರೋಗಂಟ ಕುಂತಿದ್ದೆ. ಕಲ್ಲು ಸುಮ್ಕಿತ್ತು. ನೀವು ಕೈ ಇಟ್ಟಾಗ ಅದುಮ್ತಾ?"

ನಾನು ನೆನಪು ಮಾಡಿಕೊಂಡೆ. ಕಲ್ಲು ತಣ್ಣಗಿತ್ತು. ಅಷ್ಟೆ.

"ಇಲ್ಲ," ಎಂದೆ.

"ಅಂಗಾದ್ರೆ ಯಾಪಾರ ಎಲ್ಲಾಯ್ತು? ಸಂತೆಲೆಲ್ಲಾ ನ್ಯಾಯ ಹೇಳ್ತೀರಿ, ಎದುರಿನ ಕೈ ಅದುಮ್ದೆ ಯಾಪಾರ ಇಲ್ಲ ಅಂತ. ಅವ್ನು ಬೆಲೆನೇ ಕೇಳಲಿಲ್ಲ ಕಣ್ರೀ. ನನ್ನ ಸುಮ್ನೆ ಕೊಟ್ಟ. ನೀವೊಬ್ರೇ ಐದು ವರ್ಸ ಕೊಡ್ತಾನೇ ಇದ್ರಿ."

ಆಮೇಲೆ ಅವಳು ಮೇಲಕ್ಕೆ ಹತ್ತಿ ಗುಡಿಯ ಅಯ್ಯನವರಿಗೆ ಎಲ್ಲ ಹೇಳಿದಳಂತೆ. ಅವರು, "ದಿನಾ ಮುಂಜಾನೆ ಹಾಲಲ್ಲಿ ಮೀಯೋನಿಗೆ ನಿನ್ನ ಗಂಡನ ಬಟ್ಲ ಹಾಲಿನ ಮ್ಯಾಲೆ ಕಣ್ಣಾ ತಾಯಿ?" ಎಂದು ನಕ್ಕು, ಅಭಿಷೇಕದ ಮೊಸರನ್ನು ತಂಬಿಗೆಗೆ ಹಾಕಿ, ಸ್ವಾಮಿಯ ಅಪ್ಪಣೆಯಾಗಿದೆ ಎಂದು ಹೇಳಿ ಕಳಿಸಿದರಂತೆ.

ದೇವೀರಮ್ಮ ಮೊಸರನ್ನು ಅಂಗೈಗೆ ಹಾಕಿದಳು. ಹುಳಿ ಬಂದಿತ್ತು. ಕಣ್ಣಿಗೊತ್ತಿಕೊಂಡು ಬಾಯಿಗಿಟ್ಟೆ. ಇಟ್ಟವನು ಅವಳ ಮುಖವನ್ನೇ ನೋಡುತ್ತ ಕುಳಿತೆ. ದಣಿದಿದ್ದಳು, ಅಲ್ಲೇ ಗೋಡೆಗೆ ಒರಗಿ ನಿದ್ದೆ ಹೋದಳು. ನಾನು ಬಗ್ಗಿ ಅವಳ ಮೂಗಿನ ಹತ್ತಿರ ಕೈಯಿಟ್ಟೆ. ನನ್ನ ಕೈಗೆ ಗಾಳಿಯೂ ತಿಳಿಯಲಿಲ್ಲ. ಅವಳು ಒಂದು ಕಣ್ಣು ತೆರೆದು, "ಉಸಿರಾಡ್ತಾ ಇವ್ನಿ. ಇನ್ನೊಂದೀಟು ಹಾಕ್ಕೊಂಡು ತಿನ್ನಿ," ಎಂದು ಮತ್ತೆ ಮುಚ್ಚಿಕೊಂಡಳು.

ಸೂಜಿಯ ವಿಷಯವನ್ನೂ ಮುಚ್ಚಿಡುವುದಿಲ್ಲ. ಬರೀ ಹಾಲುಮೊಸರಾದರೆ ನಿಧಾನ, ಅಷ್ಟರಲ್ಲಿ ನರ ಪೂರ್ತಿ ಸತ್ತರೆ ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಯಕೃತ್ತಿನ ಸಾರದ ಇಂಜಕ್ಷನ್ ತೆಗೆದುಕೊಂಡೆ. ಮೊದಲನೆಯ ದಿನ ಲಿಂಗವನ್ನು ಕೈಯಲ್ಲಿ ಹಿಡಿದು ಅತ್ತೆ. ಅಯ್ಯನವರಿಗೆ ಆಮೇಲೆ ಹೇಳಿದಾಗ, "ಬದುಕಿ ಪೂಜೆ ಮಾಡು" ಎಂದರು. ಇದನ್ನು ಓದಿ ಯಾರಾದರೂ ನನ್ನ ಪಂಕ್ತಿಯಲ್ಲಿ ಉಣ್ಣಲು ಒಲ್ಲೆ ಎಂದರೆ ಅವರ ಮೇಲೆ ನನಗೆ ಕೋಪವಿಲ್ಲ.

ಎರಡನೆಯ ವಾರದಲ್ಲಿ ಒಂದು ಸಂಜೆ ನೀರಿನ ಮನೆಗೆ ಹೋಗಿಬಂದು ಕುಳಿತ ಮೇಲೆ ಹೊಳೆಯಿತು: ಅಂದು ಇಡೀ ದಿನ ನಾನು ಹಿಂದೆ ತಿರುಗಿ ನೋಡಿರಲಿಲ್ಲ. ಅವನು ಎಂದು ಹೋದನೋ ತಿಳಿಯದು. ಮನೆಗೆ ಬಂದ ಮೇಲೂ ಹುಣಸೂರಿನ ಆಸ್ಪತ್ರೆಯಲ್ಲಿ ಸೂಜಿ ಮುಂದುವರಿಯಿತು. ಮಾಘದಲ್ಲಿ ಒಂದು ಮುಂಜಾನೆ ಪೂಜೆಗೆ ಕುಳಿತಾಗ ಅಂಗೈ ನಡುವೆ ಏನೋ ತಣ್ಣಗೆ, ಗುಂಡಗೆ ಕುಳಿತ ಹಾಗಾಯಿತು. ಕಣ್ಣು ಮುಚ್ಚಿಯೇ ಇದ್ದೆ. ಲಿಂಗ ಅಲ್ಲೇ ಇತ್ತು.

ಪ್ರಮಾಥಿ ಸಂವತ್ಸರದ ಶ್ರಾವಣದಲ್ಲಿ ಇಬ್ಬರೂ ಬೆಟ್ಟ ಹತ್ತಿದೆವು. ನಾನು ಒಂದು ಕೋಲು, ಅವಳ ಭುಜ, ಎರಡನ್ನೂ ಹಿಡಿದಿದ್ದೆ. ಗುಡಿಯಲ್ಲಿ ಕಣ್ಣು ಮುಚ್ಚಿ ನಿಂತೆ. ಸ್ವಲ್ಪ ಓಲಾಡಿದೆ, ಬೀಳಲಿಲ್ಲ. ಆಮೇಲೆ ತಲೆ ಬಾಗಿಸಬೇಕು. ಬೆನ್ನು ಮೊದಲೇ ಬಿಗಿದುಕೊಂಡಿತು. ನಿಧಾನವಾಗಿ ಗದ್ದ ಎದೆಗೆ ತಾಗುವ ತನಕ ಬಾಗಿದೆ. ಕಾದೆ. ಗುಡಿಯ ಕಲ್ಲಿನಲ್ಲಿ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಬೆನ್ನಿನಲ್ಲಿ ಏನೂ ಇಳಿಯಲಿಲ್ಲ. ಎಷ್ಟು ಹೊತ್ತು ಹಾಗೇ ಬಾಗಿದ್ದೆನೋ, ದೇವೀರಮ್ಮ ಬಂದು, "ಸಾಕು ಏಳಿ, ಹಿಂದ್ಗಡೆ ಜನ ನಿಂತವ್ರೆ," ಎಂದಳು.

ಎಡಗಾಲಿನ ಕಿರುಬೆರಳು ಇಂದಿಗೂ ಮಾತಾಡುವುದಿಲ್ಲ. ಬಚ್ಚಲಲ್ಲಿ ಇಂದಿಗೂ ಒಂದು ಕೈಯನ್ನು ಗೋಡೆಗೆ ಕೊಟ್ಟೇ ಮುಖ ತೊಳೆಯುತ್ತೇನೆ. ತಳ್ಳುವವರು ಯಾರೂ ಇರಲಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ನಂಬುತ್ತೇನೆ. ಆದರೂ ಕೈ ತೆಗೆಯುವುದಿಲ್ಲ. ಅಂದು ಆಸ್ಪತ್ರೆಯ ಜಗಲಿಯಲ್ಲಿ ಬಟ್ಟೆಯ ಕೆಳಗೆ ನನ್ನ ಬೆರಳಿಗೆ ಏನು ಹೇಳಿದೆ ಎಂದು ದೇವೀರಮ್ಮನನ್ನು ಎಷ್ಟೋ ಸಲ ಕೇಳಿದ್ದೇನೆ. "ಬಟ್ಟೆ ಕೆಳಗಿನದ್ದು ಬಾಯಿ ಬುಡಬಾರ್ದಲ್ವಾ?" ಎನ್ನುತ್ತಾಳೆ.

ಇನ್ನು ನಿಮಗೆ ನಾಲ್ಕು ಮಾತು. ಅಂಗಾಲು ಜುಮ್ಮೆಂದು, ಕಣ್ಣು ಮುಚ್ಚಿದರೆ ಓಲಾಡುವ ಹಾಗಾದರೆ ತಾಯಿತ ಕಟ್ಟಿಸುತ್ತ ತಿಂಗಳು ಕಳೆಯಬೇಡಿ. ಬೆಳಗಿನ ಮೊದಲ ಮೋಟಾರು ಹತ್ತಿ, ಡ್ರೈವರ ಹಿಂದಿನ ಸೀಟು ಹಿಡಿಯಿರಿ, ಅಲ್ಲಿ ಕುಲುಕುವುದು ಕಡಿಮೆ. ಏನೇನು ತಿನ್ನುವುದನ್ನು ಬಿಟ್ಟಿದ್ದೀರಿ ಎಂಬುದನ್ನು ಡಾಕ್ಟರಿಗೆ ಮೊದಲೇ ಹೇಳಿ. ಹರಕೆ ಹೊರುವುದಾದರೆ ಮನೆಯಲ್ಲಿ ಹೇಳಿ ಹೊರಿರಿ. ಯಾರಿಗಾಗಿ ಹೊರುತ್ತೀರೋ ಅವರನ್ನು ಕೇಳಿ ಹೊರಿರಿ. ನಾಲಗೆಗೆ ಬೇಕಾದದ್ದನ್ನು ಬಿಡಿ, ಮೈಗೆ ಬೇಕಾದದ್ದನ್ನು ಬಿಡಬೇಡಿ. ಬೆಟ್ಟದ ಬುಡದ ಮೊದಲನೆಯ ಮೆಟ್ಟಿಲಿನಲ್ಲಿ ಕುಳಿತು ಬೇಡುವಾಗ ಕೈಮೇಲೆ ಬಟ್ಟೆ ಹಾಸಬೇಡಿ. ಅಂಗೈ ಮೇಲೆ ಮಾಡಿ, ಬರಿದಾಗಿ ಹಿಡಿದು ಕುಳಿತುಕೊಳ್ಳಿ. ಕಲ್ಲು ತಣ್ಣಗೆ ಸುಮ್ಮನಿದ್ದರೆ ಹೆದರಬೇಡಿ. ಅವನು ಏನನ್ನೂ ಕೇಳುತ್ತಿಲ್ಲ ಎಂದು ತಿಳಿದು, ಎದ್ದು ಮನೆಗೆ ಹೋಗಿ ಊಟ ಮಾಡಿ.